ಮೊದಲು ದಾರ, ಆಮೇಲೆ ಯಂತ್ರ

ಚರ್ಮ ಹೊಲಿಯುವ ಯಂತ್ರ ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇದು ಎಷ್ಟು ದಪ್ಪ ಹೊಲಿಯುತ್ತದೆ? ಮಾರುವವರ ಬಳಿ ಉತ್ತರ ತಯಾರಿರುತ್ತದೆ. ಎಂಟು ಪದರ ಜೀನ್ಸ್ ಬಟ್ಟೆಯನ್ನೋ ಬೆಲ್ಟಿನ ತುಂಡನ್ನೋ ಪಾದದ ಕೆಳಗೆ ತುರುಕಿ, ಸೂಜಿ ಅದನ್ನು ತೂರಿಕೊಂಡು ಹೋಗುವುದನ್ನು ತೋರಿಸುತ್ತಾರೆ. ಕೊಳ್ಳುವವರಿಗೆ ಸಮಾಧಾನವಾಗುತ್ತದೆ, ವ್ಯಾಪಾರ ಕುದುರುತ್ತದೆ. ಕೆಲಸಕ್ಕೆ ಕೂತ ಮೇಲೆ ಅದೇ ಯಂತ್ರ ಹೊಲಿಗೆ ಬಿಡತೊಡಗುತ್ತದೆ, ದಾರ ಸಿಬಿರೇಳುತ್ತದೆ, ಚರ್ಮದ ಕೆಳಮೈಯಲ್ಲಿ ಗಂಟುಗಳು ಗೊಂಚಲಾಗಿ ಕಾಣುತ್ತವೆ. ಶಕ್ತಿ ಸಾಲದು ಎಂದುಕೊಂಡು ಇನ್ನೂ ದೊಡ್ಡ ಯಂತ್ರ ಹುಡುಕಲು ಹೊರಡುತ್ತಾರೆ. ಆರಿಸುವ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸಿದ್ಧವಾಗಬೇಕಾದ ಹೊಲಿಗೆಯಿಂದ ಹೊರಟು ಹಿಂದಕ್ಕೆ ನಡೆಯಬೇಕು. ಈ ವಸ್ತುವಿಗೆ ಯಾವ ದಾರ, ಆ ದಾರಕ್ಕೆ ಯಾವ ಸೂಜಿ, ಆ ಸೂಜಿ ಬಿಡುವ ಕುಣಿಕೆಯನ್ನು ಹಿಡಿಯಬಲ್ಲ ಶಟಲ್ ಯಾವುದು, ಚರ್ಮಕ್ಕೆ ಗಾಯ ಮಾಡದೆ ಅದನ್ನು ಮುಂದಕ್ಕೆ ಸಾಗಿಸುವ ವ್ಯವಸ್ಥೆ ಯಾವುದು, ಎಲ್ಲ ತಿಳಿದ ಮೇಲೆ ಮೋಟಾರು ಯಾವುದು. ಹೀಗೆ ನಡೆದವರಿಗೆ ಬೇಕಾಗುವ ಯಂತ್ರ ಅನೇಕ ವೇಳೆ ಅವರು ಅಂದುಕೊಂಡದ್ದಕ್ಕಿಂತ ಚಿಕ್ಕದು. ಅದರ ಜೊತೆಗೆ ಬೇಕಾಗುವ ಬಿಡಿ ಸಲಕರಣೆಗಳು ಮಾತ್ರ ಅಂದುಕೊಂಡದ್ದಕ್ಕಿಂತ ಹೆಚ್ಚು.

ಸೂಜಿ ಚರ್ಮವನ್ನು ತೂರಿದರೆ ಅರ್ಧ ಕೆಲಸವಷ್ಟೇ ಆಯಿತು. ಲಾಕ್‌ಸ್ಟಿಚ್ ಎಂಬ ಹೊಲಿಗೆಯಲ್ಲಿ ಮೇಲಿನದೊಂದು ದಾರ, ಬಾಬಿನ್ನಿನದೊಂದು ದಾರ. ಎರಡೂ ಚರ್ಮದ ನಡುಮಧ್ಯದಲ್ಲಿ ಒಂದಕ್ಕೊಂದು ತೊಡರಿಕೊಳ್ಳಬೇಕು. ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಇವತ್ತಿನ ಯಂತ್ರದವರೆಗೆ ಈ ತತ್ವ ಬದಲಾಗಿಲ್ಲ. ಸೂಜಿ ತಳ ಮುಟ್ಟಿ ಸುಮಾರು ಎರಡು ಮಿಲಿಮೀಟರ್ ಮೇಲೇಳುವಾಗ ದಾರ ಚರ್ಮಕ್ಕೆ ಉಜ್ಜಿ ಹಿಂದುಳಿದು, ಸೂಜಿಯ ಪಕ್ಕದಲ್ಲಿ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಶಟಲಿನ ಮೊನೆ ಬಂದು ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ಹಾಯಿಸಬೇಕು. ಚರ್ಮ ಸೂಜಿಯನ್ನು ಬಟ್ಟೆಗಿಂತ ಬಿಗಿಯಾಗಿ ಹಿಡಿಯುತ್ತದೆ. ಸೂಜಿ ಮೇಲೇಳುವಾಗ ಚರ್ಮವೂ ಅದರೊಂದಿಗೆ ಒಂದು ಮಿಲಿಮೀಟರ್ ಎದ್ದುಬಿಟ್ಟರೆ ಕುಣಿಕೆ ಉಬ್ಬುವುದಿಲ್ಲ, ಮೊನೆ ಖಾಲಿ ಹಿಂದಿರುಗುತ್ತದೆ, ಹೊಲಿಗೆ ಬಿಟ್ಟುಹೋಗುತ್ತದೆ. ಇದಕ್ಕೆ ಪರಿಹಾರ ಪಾದದ ಒತ್ತಡದಲ್ಲಿದೆ, ಸೂಜಿಯ ಅಳತೆ ಮತ್ತು ಮೊನೆಯಲ್ಲಿದೆ, ಸೂಜಿಗೆ ತಕ್ಕ ಕಿರಿದಾದ ತೂತಿನ ತಟ್ಟೆಯಲ್ಲಿದೆ. ಎರಡು ಪಟ್ಟು ಶಕ್ತಿಯ ಮೋಟಾರು ಹಾಕಿದರೆ ಯಂತ್ರ ಎರಡು ಪಟ್ಟು ಜೋರಾಗಿ ಹೊಲಿಗೆ ಬಿಡುತ್ತದೆ, ಅಷ್ಟೇ. ಶಕ್ತಿ ಸಾಲದು ಎಂಬ ದೂರುಗಳಲ್ಲಿ ದೊಡ್ಡ ಪಾಲು ನಿಜವಾಗಿ ಇಂಥವು.

ಹಾಗಾದರೆ ದಾರದಿಂದ ಶುರುಮಾಡೋಣ. ಕೈಗಾರಿಕೆಯಲ್ಲಿ ದಾರದ ಗಾತ್ರವನ್ನು ಟೆಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾವಿರ ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಟೆಕ್ಸ್. ಅಂಗಿ ಹೊಲಿಯುವ ದಾರ 30ರ ಆಸುಪಾಸು. ಪರ್ಸಿಗೆ 70 ಸಾಕು. ಕೈಚೀಲಕ್ಕೆ 70ರಿಂದ 135. ಬೆಲ್ಟು, ಚೀಲದ ಹಿಡಿಕೆಗೆ 135 ಅಥವಾ 210. ಕುದುರೆ ಜೀನು, ಭಾರದ ಪಟ್ಟಿಗಳಿಗೆ 270, 350. ನೈಲಾನಿನಲ್ಲಿ ಟೆಕ್ಸ್ 70 ಸುಮಾರು 0.3 ಮಿಲಿಮೀಟರ್ ದಪ್ಪವಿದ್ದರೆ 135 ಸುಮಾರು 0.4, 270 ಸುಮಾರು 0.6. ಸೂಜಿಯ ಮೇಲೆ ಕೆತ್ತಿರುವ ಮೆಟ್ರಿಕ್ ಸಂಖ್ಯೆ ಅದರ ಕಾಂಡದ ದಪ್ಪವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ: 140 ಎಂದರೆ 1.4 ಮಿಲಿಮೀಟರ್. ಟೆಕ್ಸ್ 70ಕ್ಕೆ 100 ಅಥವಾ 110ರ ಸೂಜಿ, 135ಕ್ಕೆ 140 ಅಥವಾ 160, 270ಕ್ಕೆ 180 ಅಥವಾ 200 ಬೇಕಾಗುತ್ತದೆ. ಈ ಹೊಂದಾಣಿಕೆ ಯಾಕಿಷ್ಟು ಮುಖ್ಯವೆಂದರೆ, ಮೇಲಿನ ದಾರದ ಒಂದೊಂದು ಅಂಗುಲವೂ ಚರ್ಮದಲ್ಲಿ ನೆಲೆನಿಲ್ಲುವ ಮೊದಲು ಸೂಜಿಯ ಕಣ್ಣಿನೊಳಗೆ ಹತ್ತಾರು ಸಲ ಹಿಂದೆ ಮುಂದೆ ಓಡಾಡಿರುತ್ತದೆ. ಪ್ರತಿ ಹೊಲಿಗೆಗೂ ಬಾಬಿನ್ನನ್ನು ಸುತ್ತುವಷ್ಟು ದೊಡ್ಡ ಕುಣಿಕೆ ಕೆಳಗಿಳಿಯುತ್ತದೆ, ಅದರಲ್ಲಿ ಖರ್ಚಾಗುವುದು ಸ್ವಲ್ಪವೇ, ಉಳಿದದ್ದು ವಾಪಸ್ಸು ಮೇಲೇಳುತ್ತದೆ. ಕಣ್ಣು ಇಕ್ಕಟ್ಟಾಗಿದ್ದರೆ ದಾರ ಉಜ್ಜಿ ಸಿಬಿರೇಳದೆ ಇನ್ನೇನಾದೀತು? ಎಳೆಗಳನ್ನು ಅಂಟಿನ ಲೇಪದಿಂದ ಬಂಧಿಸಿದ ಬಾಂಡೆಡ್ ದಾರವನ್ನೇ ಚರ್ಮಕ್ಕೆ ಬಳಸುವುದು ಇದೇ ಕಾರಣಕ್ಕೆ. ನೈಲಾನ್ ಹೆಚ್ಚು ಜಗ್ಗುತ್ತದೆ, ಉಜ್ಜಾಟವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬಿಸಿಲಿನಲ್ಲೇ ಇರುವ ಬೈಕ್ ಸೀಟು, ಟಾರ್ಪಾಲಿನಂಥವಕ್ಕೆ ಪಾಲಿಯೆಸ್ಟರ್ ಮೇಲು, ಯಾಕೆಂದರೆ ಸೂರ್ಯನ ಅತಿನೇರಳೆ ಕಿರಣಕ್ಕೆ ನೈಲಾನ್ ಬೇಗ ಸೋಲುತ್ತದೆ.

ಮನೆಬಳಕೆಯ ಯಂತ್ರಕ್ಕೆ ‘ಹೆವಿ ಡ್ಯೂಟಿ’ ಎಂದು ಹೆಸರಿಟ್ಟು ಮಾರುವುದನ್ನು ಈ ಲೆಕ್ಕದಲ್ಲಿ ಪರೀಕ್ಷಿಸಿ ನೋಡಬೇಕು. ಆ ಮಾತಿಗೆ ಎಲ್ಲರೂ ಒಪ್ಪಿದ ಅಳತೆಯೇನೂ ಇಲ್ಲ. ಒಳಗೆ ಲೋಹದ ಚೌಕಟ್ಟು ಇರಬಹುದು, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಹೊಲಿಗೆ ಹಾಕಬಹುದು, ಜೀನ್ಸಿನ ಅಂಚನ್ನು ದಾಟಬಹುದು. ಆದರೆ ಅದರ ಟೆನ್ಷನ್ ತಟ್ಟೆ, ದಾರ ಸೆಳೆಯುವ ಸ್ಪ್ರಿಂಗು, ಶಟಲ್ ಮತ್ತು ಬಾಬಿನ್ ಕೇಸಿನ ನಡುವಿನ ಸಂದು ಎಲ್ಲವೂ ಬಟ್ಟೆ ಹೊಲಿಯುವ ತೆಳು ದಾರಕ್ಕೆ ಅಳೆದು ಮಾಡಿದಂಥವು. ಟೆಕ್ಸ್ 70 ಅದರ ಗಡಿ. 135ರ ದಾರ ಆ ಸಂದಿನಲ್ಲಿ ಹಾಯುವುದೇ ಇಲ್ಲ. ಮನೆಯ ಯಂತ್ರದಲ್ಲೂ ಚರ್ಮ ಹೊಲಿದವರಿದ್ದಾರಲ್ಲ ಎಂದು ಯಾರಾದರೂ ಕೇಳಿದರೆ ಹೌದು, ಇದ್ದಾರೆ: ಒಂದೊಂದು ಮಿಲಿಮೀಟರಿನ ಮೃದು ಚರ್ಮದ ಎರಡು ಪದರ, ತೆಳು ದಾರ, ಚರ್ಮದ ಸೂಜಿ, ನಿಧಾನಗತಿ. ಪರ್ಸು, ಪೌಚುಗಳಿಗೆ ಅದು ಸಾಕೂ ಹೌದು. ಅದೇ ಯಂತ್ರದಿಂದ ಬೆಲ್ಟಿನ ಹೊಲಿಗೆ ನಿರೀಕ್ಷಿಸುವವರು ನಿರಾಶರಾಗುತ್ತಾರೆ, ಸೂಜಿ ಬೆಲ್ಟನ್ನು ತೂರಿದರೂ ಕೂಡ.

ಇದಕ್ಕೆ ಎದುರಾಗಿ ಬಲವಾದ ಆಕ್ಷೇಪವೊಂದಿದೆ. ಎಲ್ಲಕ್ಕಿಂತ ದೊಡ್ಡ ಯಂತ್ರವನ್ನೇ ಕೊಂಡುಬಿಟ್ಟರೆ ಸಣ್ಣ ಕೆಲಸವನ್ನೂ ಅದೇ ಮಾಡುವುದಿಲ್ಲವೇ? ಜೂಕಿ ಕಂಪನಿಯ ಟಿಎಸ್‌ಸಿ-441 ಮತ್ತು ಅದನ್ನು ಅನುಸರಿಸಿ ಚೀನಾದಲ್ಲಿ ತಯಾರಾಗುವ ಅನೇಕ ಯಂತ್ರಗಳು ಸುಮಾರು 20 ಮಿಲಿಮೀಟರ್ ದಪ್ಪದವರೆಗೆ ಹೊಲಿಯುತ್ತವೆ. ಅಂಥದ್ದೊಂದು ಇದ್ದರೆ ಬೇರೆ ಚಿಂತೆ ಯಾಕೆ ಎಂದು ಹೊಸಬರು ಯೋಚಿಸುವುದು ಸಹಜ. ಉತ್ತರ ಗಂಟಿನಲ್ಲಿದೆ. ಟೆಕ್ಸ್ 270ರ ಎರಡು ದಾರಗಳು ಚರ್ಮದ ನಡುವೆ ತೊಡರಿಕೊಂಡಾಗ ಆ ಗಂಟಿಗೆ ಬೇಕಾದ ಜಾಗ 0.6 ಮತ್ತು 0.6, ಅಂದರೆ 1.2 ಮಿಲಿಮೀಟರ್. ಒಟ್ಟು 2 ಮಿಲಿಮೀಟರ್ ದಪ್ಪದ ಕೈಚೀಲದ ಅಂಚಿನಲ್ಲಿ ಗಂಟಿನ ಮೇಲೆ 0.4, ಕೆಳಗೆ 0.4 ಮಾತ್ರ ಚರ್ಮ ಉಳಿಯುತ್ತದೆ. ಟೆನ್ಷನ್ ತುಸು ಏರುಪೇರಾದರೂ ಗಂಟು ಒಂದು ಕಡೆ ಹೊರಗೆ ಇಣುಕುತ್ತದೆ. ದಾರವನ್ನು ತೆಳುಗೊಳಿಸಿದರಾಯಿತು ಎಂದರೆ, ದಪ್ಪ ಸೂಜಿಗಾಗಿ ಕೊರೆದ ತಟ್ಟೆಯ ತೂತಿನೊಳಗೆ ಸಣ್ಣ ಸೂಜಿ ತೆಳು ಚರ್ಮವನ್ನು ತಳ್ಳಿಕೊಂಡೇ ಇಳಿಯುತ್ತದೆ. ಭಾರದ ಪಾದ ಅದರ ಮೇಲೆ ಅಚ್ಚೊತ್ತುತ್ತದೆ. ಗಟ್ಟಿ ಸ್ಪ್ರಿಂಗು ತೆಳು ದಾರವನ್ನು ಸಮನಾಗಿ ಹಿಡಿಯುವುದಿಲ್ಲ. ಸಾಧ್ಯವೇ ಇಲ್ಲವೆಂದಲ್ಲ. ತಟ್ಟೆ, ಪಾದ, ಸೂಜಿ, ಸ್ಪ್ರಿಂಗು ಎಲ್ಲವನ್ನೂ ಬದಲಿಸಿ ಹೊಂದಿಸಿಕೊಂಡರೆ ಹೊಲಿಯುತ್ತದೆ. ಆದರೆ ಬೆಳಿಗ್ಗೆ ಬೆಲ್ಟು, ಮಧ್ಯಾಹ್ನ ಪರ್ಸು ಎಂದು ಕೆಲಸ ಮಾಡುವ ಪುಟ್ಟ ಕಾರ್ಖಾನೆಯಲ್ಲಿ ಈ ಬದಲಾವಣೆಗೇ ದಿನ ಸವೆಯುತ್ತದೆ. ವಾರದಲ್ಲಿ ಹೆಚ್ಚು ದಿನ ಮಾಡುವ ಕೆಲಸಕ್ಕೆ ಯಂತ್ರ ಕೊಳ್ಳಬೇಕು, ವರ್ಷಕ್ಕೊಮ್ಮೆ ಬರುವ ದಪ್ಪದ ಕೆಲಸಕ್ಕಲ್ಲ.

ಸೂಜಿಯ ಮೊನೆಯ ವಿಚಾರವನ್ನು ಅನುಭವಿಗಳೂ ಕಡೆಗಣಿಸುವುದುಂಟು. ಬಟ್ಟೆಯ ಸೂಜಿಯ ದುಂಡು ಮೊನೆ ನೂಲುಗಳನ್ನು ಸರಿಸಿಕೊಂಡು ದಾರಿ ಮಾಡುತ್ತದೆ. ಚರ್ಮದ ಸೂಜಿಯ ಮೊನೆ ಕತ್ತರಿಸುತ್ತದೆ. ಕತ್ತರಿಸಿದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ ಯಾವ ದಿಕ್ಕಿಗೆ ಕತ್ತರಿಸುತ್ತದೆ ಎಂಬುದೂ ಮುಖ್ಯ. ಹೊಲಿಗೆಯ ಸಾಲಿಗೆ ಓರೆಯಾಗಿ ಸೀಳುವ ಮೊನೆಯಿಂದ ಹೊಲಿಗೆ ತುಸು ವಾಲಿ ಕೂರುತ್ತದೆ, ಕೈಹೊಲಿಗೆಯ ಚೆಲುವು ಬರುತ್ತದೆ. ಸಾಲಿನ ಉದ್ದಕ್ಕೇ ಸೀಳುವ ಮೊನೆಯಿಂದ ಹೊಲಿಗೆ ನೆಟ್ಟಗೆ, ಚರ್ಮದೊಳಕ್ಕೆ ಇಳಿದು ಕೂರುತ್ತದೆ. ಆದರೆ ಸೀಳುಗಳು ಒಂದರ ಬಾಲಕ್ಕೊಂದು ತಾಗದಂತೆ ಉದ್ದನೆಯ ಹೊಲಿಗೆಯನ್ನೇ ಇಡಬೇಕು. ಹತ್ತಿರ ಹತ್ತಿರ ಹೊಲಿದಷ್ಟೂ ಗಟ್ಟಿ ಎಂಬ ದರ್ಜಿಯ ನಂಬಿಕೆ ಚರ್ಮಕ್ಕೆ ಬಂದರೆ ಸುಳ್ಳಾಗುತ್ತದೆ. ಒತ್ತೊತ್ತಾಗಿ ತೂತು ಬಿದ್ದ ಚರ್ಮ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯ ಮೇಲೆಯೇ ಹರಿಯುತ್ತದೆ. ಟೆಕ್ಸ್ 135ರ ದಾರಕ್ಕೆ ಮೂರೂವರೆ, ನಾಲ್ಕು ಮಿಲಿಮೀಟರಿನ ಹೊಲಿಗೆ ಹಿತವಾದದ್ದು. ಚರ್ಮದ ಜೊತೆ ಕ್ಯಾನ್ವಾಸನ್ನೋ ನೈಲಾನ್ ಪಟ್ಟಿಯನ್ನೋ ಸೇರಿಸುವಾಗ ಕತ್ತರಿಸುವ ಮೊನೆ ನೇಯ್ಗೆಯ ಎಳೆಗಳನ್ನೇ ತುಂಡರಿಸುತ್ತದೆ, ಅಲ್ಲಿ ದುಂಡು ಮೊನೆ ಬೇಕು. ಬರೀ ರೆಕ್ಸಿನ್ ಹೊಲಿಯುವವರಿಗೂ ಅಷ್ಟೇ.

ಈಗ ಚರ್ಮವನ್ನು ಮುಂದಕ್ಕೆ ಸಾಗಿಸುವ ವ್ಯವಸ್ಥೆಗೆ ಬರೋಣ. ನನ್ನ ಲೆಕ್ಕದಲ್ಲಿ ಹಣ ಹಾಕಬೇಕಾದ ಜಾಗ ಇದೇ. ದರ್ಜಿಯ ಯಂತ್ರದಲ್ಲಿ ತಟ್ಟೆಯ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ಎಳೆಯುತ್ತದೆ. ಮೇಲಿನ ಪಾದ ಸುಮ್ಮನೆ ಒತ್ತಿಕೊಂಡಿರುತ್ತದೆ. ನುಣುಪಾದ ಬಟ್ಟೆ ಪಾದದಡಿ ಜಾರುತ್ತದೆ. ಚರ್ಮ ಜಾರದೆ ಅಂಟುತ್ತದೆ. ಕೆಳಪದರ ಮುಂದೆ ಹೋಗುತ್ತದೆ, ಮೇಲ್ಪದರ ಹಿಂದುಳಿಯುತ್ತದೆ, ಅರ್ಧ ಮೀಟರ್ ಹೊಲಿದು ಮುಗಿಸುವಷ್ಟರಲ್ಲಿ ಎರಡು ತುದಿಗಳು ಕೂಡುವುದಿಲ್ಲ. ಕೈಯಿಂದ ಎಳೆದು ಸರಿಮಾಡಲು ಹೋದರೆ ಸೂಜಿ ಬಾಗಿ ಶಟಲಿಗೆ ಬಡಿಯುತ್ತದೆ. ತೆಳು ಚರ್ಮಕ್ಕೆ ಟೆಫ್ಲಾನ್ ಪಾದ ಹಾಕಿಕೊಂಡರೆ ತಕ್ಕಮಟ್ಟಿಗೆ ನಡೆಯುತ್ತದೆ. ಅದಕ್ಕಿಂತ ಮುಂದಕ್ಕೆ ಬೇಕಾದದ್ದು ‘ವಾಕಿಂಗ್ ಫೂಟ್’: ಎರಡು ಪಾದಗಳು ಸರದಿಯಂತೆ ಎತ್ತಿ ಇಡುತ್ತ ಮೇಲ್ಪದರವನ್ನೂ ಸಾಗಿಸುತ್ತವೆ. ಅದರಲ್ಲೂ ಉತ್ತಮವಾದದ್ದು ಕಾಂಪೌಂಡ್ ಫೀಡ್. ಅಲ್ಲಿ ಕೆಳಗಿನ ಹಲ್ಲು, ಒಳಪಾದ, ಸೂಜಿ ಮೂರೂ ಒಟ್ಟಿಗೆ ಚಲಿಸುತ್ತವೆ. ಚರ್ಮ ಮುಂದಕ್ಕೆ ಹೋಗುವಾಗ ಸೂಜಿ ಅದರೊಳಗೇ ನೆಟ್ಟುಕೊಂಡಿರುವುದರಿಂದ ಪದರಗಳು ಒಂದರ ಮೇಲೊಂದು ಸರಿಯಲು ಆಸ್ಪದವೇ ಇಲ್ಲ. ದಪ್ಪ ತುಸು ಏರಿಳಿದರೂ ಹೊಲಿಗೆಯ ಉದ್ದ ಹೆಚ್ಚು ಕಡಿಮೆಯಾಗುವುದಿಲ್ಲ. ಸಿಂಗರ್ 111 ವರ್ಗದ ಹಳೆಯ ಯಂತ್ರಗಳು ತೋರಿಸಿದ ಈ ದಾರಿಯಲ್ಲೇ ಕಾನ್ಸ್ಯೂ 206, ಜೂಕಿ ಡಿಎನ್‌ಯು-1541, ಆಡ್ಲರ್ 867 ಬಂದವು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ನಡೆಯುವ ಕಾರಿನ ಸೀಟು ಹೊದಿಕೆಯ ಕೆಲಸಕ್ಕೆ ತಕ್ಕ ಯಂತ್ರಗಳು ಇವೇ. ಚೀಲ ಮಾಡುವವರ ನೂರರಲ್ಲಿ ತೊಂಬತ್ತು ಅಗತ್ಯವೂ ಇವುಗಳಿಂದಲೇ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ. ಅವು ಹೊಲಿಯುವ ದಪ್ಪ ಹತ್ತು ಮಿಲಿಮೀಟರಿಗಿಂತ ಕಡಿಮೆ ಎಂಬುದನ್ನು ದೋಷವೆಂದು ಎಣಿಸಬೇಕಿಲ್ಲ. ಬೂಟಿನ ಮೇಲ್ಭಾಗ ಹೊಲಿಯುವವರ ದಾರಿ ಬೇರೆ: ಅಲ್ಲಿ ಚರ್ಮ ತೆಳು, ತಿರುವುಗಳು ಬಿಗಿ. ಕಂಬದಂತೆ ನಿಂತ ಆಸರೆಯ ಮೇಲೆ ಪಾದದ ಬದಲು ಪುಟ್ಟ ಗಾಲಿ ಉರುಳುವ ಯಂತ್ರ ಆ ಕೆಲಸಕ್ಕೆ ಸರಿ.

ಯಂತ್ರದ ಆಸರೆಯ ಆಕಾರದ ವಿಚಾರದಲ್ಲಿ ಅಗ್ಗದ ಆಸೆ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಪ್ಯಾಚರ್ ಎಂಬ ಯಂತ್ರದ ಮೂಲಕ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ 1885ರಿಂದ 1980ರವರೆಗೆ ನಡೆದ ಸಿಂಗರ್ ಕಂಪನಿಯ ಕಿಲ್ಬೋವೀ ಕಾರ್ಖಾನೆಯಿಂದ ಬಂದ 29ಕೆ ಅದರ ಹೆಸರಾಂತ ರೂಪ. ಸಂಖ್ಯೆಯ ಜೊತೆಗಿನ ‘ಕೆ’ ಆ ಕಾರ್ಖಾನೆಯ ಗುರುತು. ಇಂದು ಊರೂರಿನ ರಸ್ತೆಬದಿಯಲ್ಲಿ ಕಾಣುವ ಕೈಗಾಲಿಯ ಸಣ್ಣ ಯಂತ್ರಗಳು ಅದೇ ಆಲೋಚನೆಯನ್ನು ಸರಳಗೊಳಿಸಿದವು. ಇದರಲ್ಲಿ ಕೆಳಗೆ ಹಲ್ಲಿಲ್ಲ. ಮೇಲಿನ ಪಾದವೇ ಚರ್ಮವನ್ನು ಕಚ್ಚಿ ಎಳೆಯುತ್ತದೆ, ಆ ಪಾದವನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು, ನೀಳವಾದ ತೋಳು ಬೂಟಿನ ಒಳಗೆ ತೂರುತ್ತದೆ. ಹರಿದ ಬೂಟನ್ನು ಅಲುಗಾಡಿಸದೆ ಅದರ ಸುತ್ತ ಹೊಲಿಗೆಯೇ ತಿರುಗುತ್ತದೆ. ರಿಪೇರಿಗೆ ಇದಕ್ಕಿಂತ ಜಾಣ ಯಂತ್ರ ಬಂದಿಲ್ಲ. ಆದರೆ ಹೊಸ ಚೀಲ, ಬೆಲ್ಟು ಮಾಡಿ ಬದುಕಲು ಹೊರಟವರು ಬೆಲೆ ಕಡಿಮೆಯೆಂದು ಇದನ್ನೇ ಮುಖ್ಯ ಯಂತ್ರವಾಗಿ ಕೊಂಡಾಗ ಕಷ್ಟ ಶುರುವಾಗುತ್ತದೆ. ಪಾದದ ಹಲ್ಲಿನ ಗುರುತು ಚರ್ಮದ ಮೇಲ್ಮೈಯಲ್ಲೇ ಬೀಳುತ್ತದೆ. ದಪ್ಪ ಬದಲಾದಂತೆ ಹೊಲಿಗೆಯ ಉದ್ದ ಬದಲಾಗುತ್ತದೆ. ಬಾಬಿನ್ ತೀರಾ ಚಿಕ್ಕದು. ಅದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ: ಒಟ್ಟು 6 ಮಿಲಿಮೀಟರ್ ದಪ್ಪದ ಚರ್ಮದಲ್ಲಿ 4 ಮಿಲಿಮೀಟರಿನ ಒಂದು ಹೊಲಿಗೆಗೆ ಕೆಳದಾರ ಮೇಲ್ಮೈಯುದ್ದ 4, ನಡುವಿನವರೆಗೆ ಹೋಗಲು 3, ಬರಲು 3, ಹೀಗೆ 10 ಮಿಲಿಮೀಟರ್ ಖರ್ಚಾಗುತ್ತದೆ. ಮೀಟರಿಗೆ 250 ಹೊಲಿಗೆ, ಅಂದರೆ ಬಾಬಿನ್ನಿನಿಂದ ಎರಡೂವರೆ ಮೀಟರ್ ದಾರ, ಮೇಲಿನಿಂದ ಇನ್ನೊಂದು ಎರಡೂವರೆ. ದಪ್ಪ ದಾರ ಸುತ್ತಿದ ಪುಟ್ಟ ಬಾಬಿನ್ ಕೆಲಸದ ನಡುವೆಯೇ ಬರಿದಾಗುತ್ತದೆ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ದಾರಕ್ಕೆ ದಾರ ಜೋಡಿಸಬೇಕಾಗುತ್ತದೆ. ಒಂದೇ ಯಂತ್ರ ಕೊಳ್ಳುವ ಶಕ್ತಿಯಿದ್ದವರು ಉರುಳೆಯಾಕಾರದ ತೋಳಿನ ಕಾಂಪೌಂಡ್ ಫೀಡ್ ಯಂತ್ರ ನೋಡುವುದು ಒಳಿತು. ತೋಳಿನ ಸುತ್ತ ಮೇಜಿನ ಹಲಗೆ ಜೋಡಿಸಿದರೆ ಅದು ಸಪಾಟು ಯಂತ್ರವೂ ಆಗುತ್ತದೆ. ಸಪಾಟು ಯಂತ್ರವನ್ನು ಮಾತ್ರ ಎಂದಿಗೂ ಉರುಳೆ ಮಾಡಲಾಗುವುದಿಲ್ಲ. ಬೆಲೆ ಹೆಚ್ಚು, ನಿಜ. ಬರೀ ಚಪ್ಪಟೆ ಕೆಲಸವೇ ಇರುವವರಿಗೆ ಅದರ ಅಗತ್ಯವೂ ಇಲ್ಲ.

ಮೋಟಾರಿನ ಮಾತು ಕೊನೆಗೆ ಬರಬೇಕು, ಆದರೆ ಅದು ಸಣ್ಣ ಮಾತಲ್ಲ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಕ್ಲಚ್ ಮೋಟಾರು ನಿಮಿಷಕ್ಕೆ ಸುಮಾರು 1,400 ಅಥವಾ 2,800 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 50 ಮಿಲಿಮೀಟರ್, ಯಂತ್ರದ್ದು 150 ಆದರೆ ನಿಮಿಷಕ್ಕೆ ಸುಮಾರು 470 ಅಥವಾ 930 ಹೊಲಿಗೆ. ದಪ್ಪ ಚರ್ಮಕ್ಕೆ ಎರಡೂ ಅತಿಯಾದವು. ನಡುವೆ ಮೂರಕ್ಕೊಂದರ ವೇಗ ತಗ್ಗಿಸುವ ಪುಲ್ಲಿ ಜೋಡಿಸಿದರೆ 470 ಎಂಬುದು 155ಕ್ಕೆ ಇಳಿಯುತ್ತದೆ, ತಿರುಚುಬಲ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟಾರು ಬಂದ ಮೇಲೆ ವೇಗವನ್ನು ಗುಂಡಿ ತಿರುಗಿಸಿ ಕಟ್ಟಿಹಾಕಬಹುದು. ವಿದ್ಯುತ್ತೂ ಉಳಿಯುತ್ತದೆ, ದಿನವಿಡೀ ಗುಂಯ್‌ಗುಡುವ ಸದ್ದೂ ಇಲ್ಲ. ಅಗ್ಗದ ಸರ್ವೋಗಳು ಶುರುವಿನಲ್ಲೇ ಜಿಗಿಯುತ್ತವೆ, ಕಡಿಮೆ ವೇಗದಲ್ಲಿ ಬಲ ಸಾಲದೆ ಸೂಜಿ ಚರ್ಮದಲ್ಲಿ ಸಿಕ್ಕಿ ನಿಲ್ಲುತ್ತದೆ. ಹಾಗಾಗಿ ಸರ್ವೋ ಜೊತೆಗೂ ಆ ಪುಲ್ಲಿ ಇರಲಿ. ಒಂದೊಂದೇ ಹೊಲಿಗೆ ಹಾಕಿಸಿ ನೋಡುವುದೇ ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ.

ತುಂಡುಲೆಕ್ಕದ ಕೂಲಿಯವರು ಇಷ್ಟು ನಿಧಾನಕ್ಕೆ ಹೊಲಿದರೆ ಹೊಟ್ಟೆ ತುಂಬುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಹೀಗಿದೆ. ನಿಮಿಷಕ್ಕೆ 155 ಹೊಲಿಗೆ, ಒಂದೊಂದೂ 4 ಮಿಲಿಮೀಟರ್: ನಿಮಿಷಕ್ಕೆ 62 ಸೆಂಟಿಮೀಟರ್, ನಿಲ್ಲಿಸದೆ ಹೊಲಿದರೆ ಗಂಟೆಗೆ 37 ಮೀಟರ್. ದಪ್ಪ ಚರ್ಮದ ಚೀಲ, ಬೆಲ್ಟಿನ ಕೆಲಸದಲ್ಲಿ ಗಂಟೆಗೆ 37 ಮೀಟರ್ ಅಂಚನ್ನು ಕತ್ತರಿಸಿ, ಹೆರೆದು, ಅಂಟಿಸಿ ಕೊಡಲು ಒಬ್ಬರ ಕೈಯಿಂದ ಆಗುವುದೇ ಇಲ್ಲ. ಸಮಯ ಹೋಗುವುದು ಅಲ್ಲಿ. ವೇಗ ಹೆಚ್ಚಿಸಿದರೆ ಸೂಜಿ ಉಜ್ಜಾಟದಿಂದ ಬಿಸಿಯಾಗುತ್ತದೆ, 260 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ನೈಲಾನ್ ದಾರ ಅದಕ್ಕೂ ಮೊದಲೇ ಮೆತ್ತಗಾಗಿ ಸೂಜಿಯ ಕಣ್ಣಿಗೆ ಅಂಟುತ್ತದೆ. ಕೆಟ್ಟ ಒಂದು ಹೊಲಿಗೆಯನ್ನು ಬಿಚ್ಚಿದರೆ ತೂತು ಚರ್ಮದಲ್ಲಿ ಉಳಿದೇ ಹೋಗುತ್ತದೆ, ತುಂಡೇ ದಂಡ. ತೆಳು ಚರ್ಮದ ಬೂಟಿನ ಕಾರ್ಖಾನೆಗಳಲ್ಲಿ ವೇಗಕ್ಕೆ ಅರ್ಥವಿದೆ, ಅಲ್ಲಿ ಹೊಲಿಯುವವರ ಮುಂದೆ ತಯಾರಿ ಮಾಡಿಕೊಡುವ ಹತ್ತು ಕೈಗಳಿರುತ್ತವೆ.

ಬಿಡಿ ಸಲಕರಣೆಗಳಿಗೆ ಬಂದರೆ, ಯಂತ್ರದ ಮೇಲೆ ಪೂರ್ತಿ ಹಣ ಸುರಿದು ಇವುಗಳಿಗೆ ಏನೂ ಉಳಿಸಿಕೊಳ್ಳದವರನ್ನು ಕಂಡರೆ ಬೇಸರವಾಗುತ್ತದೆ. ಯಂತ್ರದ ಜೊತೆ ಬರುವ ಪಾದದ ತಳದಲ್ಲಿ ಸಾಮಾನ್ಯವಾಗಿ ಹಲ್ಲುಗಳಿರುತ್ತವೆ, ಸೋಫಾ ಬಟ್ಟೆಗೆ ಅದು ಸರಿ. ಹದ ಮಾಡಿದ ನುಣುಪು ಚರ್ಮದ ಮೇಲೆ ಆ ಹಲ್ಲಿನ ಅಚ್ಚು ಹೊಲಿಗೆಯ ಎರಡೂ ಬದಿಗೆ ಉಳಿಯುತ್ತದೆ. ನುಣುಪು ತಳದ ಪಾದದ ಬೆಲೆ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ, ಆದರೆ ಸಿದ್ಧವಸ್ತುವಿನ ಬೆಲೆಯನ್ನು ಎತ್ತುವುದು ಅದೇ. ಇನ್ನು ಅಂಚಿನ ಗೈಡು. ಅಂಚಿನಿಂದ 3 ಮಿಲಿಮೀಟರ್ ಒಳಗೆ ನೇರ ಸಾಲು ಹೊಲಿಯುವುದು ಕೈಚಳಕದ ಮಾತೆಂದು ಹೊಸಬರನ್ನು ತಿಂಗಳುಗಟ್ಟಲೆ ದುಡಿಸುತ್ತಾರೆ. ಪಾದದ ಪಕ್ಕದಲ್ಲಿ ಸುರುಳಿ ಗಾಲಿಯ ಗೈಡೊಂದನ್ನು ಕೂರಿಸಿದರೆ ಮೊದಲ ವಾರದ ಕಲಿಯುವವರೂ ಆ ಸಾಲನ್ನು ಹೊಲಿಯುತ್ತಾರೆ. ಬೇಡವಾದಾಗ ಮೇಲಕ್ಕೆ ಎತ್ತಿಡುವಂಥದ್ದು ಮೇಜಿಗೆ ತಿರುಪಿನಿಂದ ಬಿಗಿದದ್ದಕ್ಕಿಂತ ಒಳ್ಳೆಯದು, ತಿರುವಿನಲ್ಲಿ ಅಡ್ಡಬರುವುದಿಲ್ಲ. ಬಕಲಿನ ಪಕ್ಕ, ಜಿಪ್ಪಿನ ಪಕ್ಕ ಹೊಲಿಯಲು ಒಂದೇ ಬೆರಳಿನ ಕಿರುಪಾದ ಬೇಕು. ಸೀಟಿನ ಅಂಚಿನ ಪೈಪಿಂಗಿಗೆ ತಳದಲ್ಲಿ ತೋಡು ಕೊರೆದ ಪಾದ ಬೇಕು, ಒಳಗಿನ ಹುರಿಯ ದಪ್ಪಕ್ಕೆ ಸರಿಯಾದದ್ದೇ ಬೇಕು. 441 ವರ್ಗದ ದೊಡ್ಡ ಯಂತ್ರಗಳಿಗೆ ಎತ್ತರಿಸಿದ ಕಿರಿದು ತಟ್ಟೆಗಳು ಸಿಗುತ್ತವೆ. ಉಬ್ಬುತಗ್ಗಿನ ಒರೆ, ರಿಕಾಪಿನ ಪಟ್ಟಿಯಂಥವನ್ನು ಅವುಗಳ ಮೇಲೆ ಹೊಲಿಯುವುದರಿಂದ ಕೆಳಮೈ ಹಲ್ಲಿನ ಗಾಯದಿಂದ ಉಳಿಯುತ್ತದೆ. ಅಂಚುಪಟ್ಟಿ ಮಡಚಿ ಕೂರಿಸುವ ಬೈಂಡರ್ ಮಾತ್ರ ಹಠಮಾರಿ ಸಲಕರಣೆ. ಪಟ್ಟಿಯ ಚರ್ಮ ಒಂದು ಮಿಲಿಮೀಟರಿಗಿಂತ ತೆಳುವಾಗಿ, ಉದ್ದಕ್ಕೂ ಒಂದೇ ದಪ್ಪವಿರಬೇಕು, ಇಲ್ಲವಾದರೆ ಅದರ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಳತಿರುವುಗಳಲ್ಲಿ ಸೂಜಿಯ ಜೊತೆಗೇ ಚಲಿಸುವ ಬೈಂಡರ್ ಮಾತ್ರ ನೆಚ್ಚಿಕೆಗೆ ಅರ್ಹ.

ಯಂತ್ರಕ್ಕೆ ಅಂಟಿಕೊಳ್ಳದ ಸಲಕರಣೆಯೊಂದು ಇವೆಲ್ಲಕ್ಕಿಂತ ದೊಡ್ಡದು: ಚರ್ಮದ ಅಂಚು ಹೆರೆಯುವ ಸ್ಕೈವಿಂಗ್ ಯಂತ್ರ. ಒಂದೂವರೆ ಮಿಲಿಮೀಟರ್ ಚರ್ಮದ ನಾಲ್ಕು ಪದರ ಕೂಡುವ ಚೀಲದ ಮೂಲೆಯಲ್ಲಿ 6 ಮಿಲಿಮೀಟರ್ ಗುಡ್ಡವಾಗುತ್ತದೆ. ಆ ಗುಡ್ಡ ಹತ್ತುವಾಗ ಪಾದ ತಡವರಿಸಿ ಹೊಲಿಗೆ ಚಿಕ್ಕದಾಗುತ್ತದೆ, ಇಳಿಯುವಾಗ ಜಾರುತ್ತದೆ. ಅಂಚುಗಳನ್ನು 0.7ಕ್ಕೆ ಹೆರೆದರೆ ಅದೇ ಮೂಲೆ 3 ಮಿಲಿಮೀಟರಿಗಿಂತ ಕಡಿಮೆ. ರಂಪಿಗೆ ಹಿಡಿದು ಕೈಯಲ್ಲೇ ಅಂಚು ತೆಳುಗೊಳಿಸುವ ಕುಶಲಿಗಳು ನಮ್ಮಲ್ಲಿ ತಲೆಮಾರುಗಳಿಂದ ಇದ್ದಾರೆ, ಅವರಿಗೆ ಈ ಸತ್ಯ ಹೊಸದಲ್ಲ. ದಪ್ಪ ಹೊಲಿಯುವ ಯಂತ್ರ ಬೇಕೆಂದು ಹುಡುಕುವವರಲ್ಲಿ ಅನೇಕರಿಗೆ ನಿಜವಾಗಿ ಬೇಕಿರುವುದು ದಪ್ಪ ತೆಗೆಯುವ ಯಂತ್ರ.

ಕೈಹೊಲಿಗೆಯ ಪರವಾದ ಆಕ್ಷೇಪಕ್ಕೆ ನಾನು ಬಹುಪಾಲು ತಲೆಬಾಗುತ್ತೇನೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರು ಹಾಯಿಸುವ ಜೀನು ಹೊಲಿಗೆಯಲ್ಲಿ ಒಂದು ಕಡೆಯ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಲಾಕ್‌ಸ್ಟಿಚ್‌ನಲ್ಲಿ ಒಂದು ದಾರ ಹರಿದರೆ ಅಕ್ಕಪಕ್ಕದ ಗಂಟುಗಳು ಸಡಿಲವಾಗುತ್ತವೆ. ದಪ್ಪ ಚರ್ಮ ಮತ್ತು ಬಾಂಡೆಡ್ ದಾರ ಸೇರಿದಾಗ ಆ ಬಿಚ್ಚುವಿಕೆ ನಿಧಾನ, ಆದರೆ ಇಲ್ಲವೆನ್ನಲಾಗದು. ಚೀಲ ಕೈಕೊಡುವುದು ಉದ್ದನೆಯ ಸಾಲಿನ ನಡುವಲ್ಲ, ಹಿಡಿಕೆ ಬಂದು ಸೇರುವ ಬುಡದಲ್ಲಿ. ಆದ್ದರಿಂದ ಉದ್ದಸಾಲನ್ನು ಯಂತ್ರಕ್ಕೆ, ಬುಡವನ್ನು ಕೈಗೆ ಒಪ್ಪಿಸುವುದು ವಿವೇಕ. ಕೆಲವು ವಸ್ತುಗಳಿಗಂತೂ ಯಂತ್ರ ಸಲ್ಲುವುದೇ ಇಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಷ್ಟೇ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿಯ ಕಡೆಯ ಕುಶಲಕರ್ಮಿಗಳು ಅದರ ಅಟ್ಟೆಯನ್ನು ಚರ್ಮದ್ದೇ ಎಳೆಯಿಂದ ಹೊಲಿಯುತ್ತಾರೆ. ಸವೆದರೆ ಹೊಲಿಗೆ ಮತ್ತು ಅಟ್ಟೆ ಒಟ್ಟಿಗೆ ಸವೆಯುತ್ತವೆ, ನೆನೆದರೆ ಒಟ್ಟಿಗೆ ಹಿಗ್ಗುತ್ತವೆ. ಅಲ್ಲಿ ನೈಲಾನ್ ದಾರ ಹಾಕುವುದು ಪರಂಪರೆಗೆ ಮಾತ್ರ ಅಪಚಾರವಲ್ಲ, ಆ ಚಪ್ಪಲಿಯ ರಚನೆಯನ್ನೇ ಕೆಡಿಸುವುದು. ಅದೇ ಮನೆಗಳ ಮುಂದಿನ ಪೀಳಿಗೆ ಚೀಲ, ಬೆಲ್ಟು, ಪಟ್ಟಿಗಳನ್ನು ಮಾಡಲು ಹೊರಟರೆ ಅವರಿಗೆ ಒಳ್ಳೆಯ ಯಂತ್ರ ಸಿಗಬೇಕು, ಸಿಕ್ಕಸಿಕ್ಕದ್ದಲ್ಲ.

ಹಳೆಯ ಯಂತ್ರ ಕೊಳ್ಳಬಹುದೇ? ಖಂಡಿತ. ಎರಕದ ಕಬ್ಬಿಣದ ಹಳೆಯ ಆಡ್ಲರ್, ಪ್ಫಾಫ್, ಸಿಂಗರ್‌ಗಳು ಸರಿಯಾಗಿ ನೋಡಿಕೊಂಡರೆ ಇನ್ನೊಂದು ತಲೆಮಾರು ನಡೆಯುತ್ತವೆ. ಆದರೆ ಮೊದಲು ಸೂಜಿ ಪದ್ಧತಿಯನ್ನು ವಿಚಾರಿಸಬೇಕು. ಕಾಂಪೌಂಡ್ ಫೀಡ್ ಯಂತ್ರಗಳ 135×16 (ಚರ್ಮ), 135×17 (ಬಟ್ಟೆ) ಸೂಜಿಗಳು ಸುಲಭವಾಗಿ ಸಿಗುತ್ತವೆ, 441 ವರ್ಗದ 794 ಪದ್ಧತಿಯವೂ ಸಿಗುತ್ತವೆ. ತಯಾರಿಕೆ ನಿಂತ ಸೂಜಿಯ ಯಂತ್ರ ಎಷ್ಟೇ ಗಟ್ಟಿಯಿದ್ದರೂ ಕೊಳ್ಳಬಾರದು. ಆಮೇಲೆ ಶಟಲಿನ ಮೊನೆ ಮೊಂಡಾಗಿದೆಯೇ, ಸೂಜಿದಂಡ ಅಲುಗುತ್ತದೆಯೇ ನೋಡಿ, ಹಿಂದಕ್ಕೆ ಹೊಲಿಸಿ. ಹಿಂಹೊಲಿಗೆ ಮುಂಹೊಲಿಗೆಯ ತೂತುಗಳಲ್ಲೇ ಬಿದ್ದರೆ ಯಂತ್ರದ ಒಳಗಿನ ಹೊಂದಾಣಿಕೆ ಸುಸ್ಥಿತಿಯಲ್ಲಿದೆ ಎಂದರ್ಥ. ಪರೀಕ್ಷೆಗೆ ನಿಮ್ಮದೇ ಚರ್ಮ, ನಿಮ್ಮದೇ ದಾರ ಒಯ್ಯಿರಿ. ಮನೆಗೆ ತಂದ ಮೇಲೆ ಯಂತ್ರದ ಎಣ್ಣೆಯನ್ನೇ ಹಾಕಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಉಳಿದ ಅಡುಗೆ ಎಣ್ಣೆಗಳು ಕಾಲಕ್ರಮೇಣ ಅಂಟಾಗುತ್ತವೆ. ಸೂಜಿಗೆ ದಾರ ಪೋಣಿಸುವಾಗ ಮೋಟಾರು ಆರಿಸಿಯೇ ಇರಬೇಕು. ಎರಡು ಮಿಲಿಮೀಟರ್ ದಪ್ಪದ ಸೂಜಿ ಬೆರಳನ್ನು ತೂರಿದರೆ ಆಗುವುದು ಸಣ್ಣ ಗಾಯವಲ್ಲ.

ಇಷ್ಟು ಹೇಳಿದ ಮೇಲೆ ಸರ್ಕಾರದ ನೆರವಿನ ವಿಚಾರ ಎತ್ತದೆ ಬಿಡುವಂತಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವವರದೂ ಒಂದು. ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ಹದಿನೈದು ಸಾವಿರದಲ್ಲಿ ಕೈಗಾಲಿಯ ಪ್ಯಾಚರ್ ಬರುತ್ತದೆ, ಕಾಂಪೌಂಡ್ ಫೀಡ್ ಬರುವುದಿಲ್ಲ. ರಿಪೇರಿ ಮಾಡುವವರಿಗೆ ಅದು ಸರಿಯಾದ ನೆರವು. ತಯಾರಿಕೆಗೆ ಇಳಿಯುವವರು ಆ ಹಣವನ್ನು ಪ್ಯಾಚರಿಗೆ ಸುರಿಯುವ ಬದಲು ಸ್ಕೈವಿಂಗ್ ಚಾಕು, ಪಾದ, ಗೈಡು, ಸೂಜಿ, ದಾರಕ್ಕೆ ಬಳಸಿ, ದೊಡ್ಡ ಯಂತ್ರವನ್ನು ನಾಲ್ಕಾರು ಮನೆಗಳು ಕೂಡಿ ಸಾಲದಲ್ಲಿ ಕೊಳ್ಳುವುದು ಲಾಭದಾಯಕ. 1976ರಿಂದ ನಮ್ಮ ರಾಜ್ಯದ ಚರ್ಮ ಕುಶಲಕರ್ಮಿಗಳಿಗಾಗಿಯೇ ಇರುವ ಲಿಡ್ಕರ್‌ನಂಥ ಸಂಸ್ಥೆ ಸಾಮಾನ್ಯ ಸೌಲಭ್ಯ ಕೇಂದ್ರಗಳ ಮೂಲಕ ಈ ಸಹಕಾರಕ್ಕೆ ಆಸರೆಯಾಗಬಹುದು. ಅಂಥ ಕೇಂದ್ರಕ್ಕೆ ಯಂತ್ರ ಕೊಳ್ಳುವ ಟೆಂಡರಿನಲ್ಲಿ ‘ಹೆವಿ ಡ್ಯೂಟಿ ಹೊಲಿಗೆ ಯಂತ್ರ’ ಎಂದಷ್ಟೇ ಬರೆದರೆ ಯಾರು ಏನನ್ನು ಬೇಕಾದರೂ ತಂದಿಳಿಸಬಹುದು. ಟೆಕ್ಸ್ 135ರ ಬಾಂಡೆಡ್ ದಾರದಲ್ಲಿ 6 ಮಿಲಿಮೀಟರ್ ಚರ್ಮವನ್ನು 4 ಮಿಲಿಮೀಟರ್ ಉದ್ದದ ಹೊಲಿಗೆಯಲ್ಲಿ ಎರಡೂ ಮೈ ಸಮನಾಗಿ ಹೊಲಿಯಬೇಕು, 135×16 ಸೂಜಿ ಪದ್ಧತಿ, ನುಣುಪು ಪಾದ, ಅಂಚಿನ ಗೈಡು, ವೇಗ ತಗ್ಗಿಸುವ ಪುಲ್ಲಿ ಜೊತೆಗಿರಬೇಕು, ಕುಶಲಕರ್ಮಿಗಳ ಎದುರೇ ಹೊಲಿದು ತೋರಿಸಿದ ಮೇಲೆ ಹಣ ಪಾವತಿ ಎಂದು ಬರೆದರೆ ಆ ದಾಖಲೆ ಅರ್ಧ ಪುಟವನ್ನೂ ದಾಟುವುದಿಲ್ಲ.